ಪರದೆಯ ಮೂಲೆಯ ನಗುಮುಖ

ವೇಣೂರಿನಿಂದ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ನನ್ನನ್ನು ಬಹಳ ಕಾಲ ನರ್ಸ್ ಎಂದೇ ತಿಳಿದಿದ್ದರು. ತಪ್ಪು ಅವರದಲ್ಲ. ನಾನು ಫೋನಿನಲ್ಲಿ ಆಡುತ್ತಿದ್ದ ಮಾತು ಹಾಗಿತ್ತು. "ಬೆಳಿಗ್ಗೆ ಒಮ್ಮೆ ನಿಂತಿತ್ತಂತೆ, ಈಗ ಉಸಿರಾಡ್ತಾ ಉಂಟಾ?" "ಮೂರನೆಯದ್ದು ತುಂಬಾ ಏದುಸಿರು ಬಿಡ್ತಾ ಉಂಟು, ಒಮ್ಮೆ ಮಲಗಿಸಿ ಎಬ್ಬಿಸು." ಒಂದು ದಿನ ಪಕ್ಕದ ಸೀಟಿನ ಹೆಂಗಸು ಮೆಲ್ಲನೆ ಕೇಳಿದರು.

"ಯಾವ ಆಸ್ಪತ್ರೆ ಅಕ್ಕ? ನನ್ನ ಅತ್ತೆಗೆ ಮೊಣಕಾಲು ನೋವು ಉಂಟು."

"ಆಸ್ಪತ್ರೆ ಅಲ್ಲ. ಕಂಪ್ಯೂಟರು."

"ಕಂಪ್ಯೂಟರಿಗೂ ಸೌಖ್ಯ ಇಲ್ಲದೆ ಆಗ್ತದಾ?"

"ಆಗ್ತದೆ."

"ಅದಕ್ಕಾದರೂ ನೋಡುವವರಿದ್ದಾರೆ" ಎಂದು ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಕೆಲಸ ಇಷ್ಟು. ವಿದೇಶಿ ಹಣದ ಮಾರುಕಟ್ಟೆಯಲ್ಲಿ ಮನುಷ್ಯನ ಬದಲಿಗೆ ತಾವೇ ಕೊಂಡು ತಾವೇ ಮಾರುವ ಪ್ರೋಗ್ರಾಂಗಳಿವೆ. ಅವು ಓಡುವ ಟರ್ಮಿನಲ್‌ಗಳು ಗಿರಾಕಿಯ ಮನೆಯಲ್ಲಿರುವುದಿಲ್ಲ. ಲಂಡನ್ನಿನಲ್ಲೋ ಇನ್ನೆಲ್ಲೋ, ಯಾರೂ ಕೂರದ ತಣ್ಣನೆಯ ಕೋಣೆಯೊಂದರ ಸರ್ವರಿನಲ್ಲಿರುತ್ತವೆ. ನಮ್ಮ ಗಿರಾಕಿಗಳು ಹೆಚ್ಚಾಗಿ ಗಲ್ಫಿನವರು. ನಾವು ಮೆಲ್ಕಾರಿನಲ್ಲಿ, ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಟರ್ಮಿನಲ್ ಎಚ್ಚರವಿದೆಯೇ, ಬೆಲೆ ಬರುತ್ತಿದೆಯೇ, ಸರ್ವರಿನಲ್ಲಿ ಜಾಗ ಮುಗಿದಿದೆಯೇ ಎಂದು ನೋಡುವುದು, ನಿಂತರೆ ಎಬ್ಬಿಸುವುದು ನಮ್ಮ ಕೆಲಸ. ಏನು ಕೊಳ್ಳಬೇಕು, ಏನು ಮಾರಬೇಕು ಎಂಬುದಕ್ಕೂ ನಮಗೂ ಸಂಬಂಧವಿಲ್ಲ. ಆದರೆ ಒಮ್ಮೆ ಕೊಂಡದ್ದನ್ನು ಆ ಪ್ರೋಗ್ರಾಮೇ ಮಾರಬೇಕು. ಅದು ಮಧ್ಯದಲ್ಲಿ ನಿಂತರೆ ನಡುಹೊಳೆಯಲ್ಲಿ ದೋಣಿಯವನಿಗೆ ನಿದ್ದೆ ಹತ್ತಿದ ಹಾಗೆ.

ಹೊಸದಾಗಿ ಸೇರುವ ಮಕ್ಕಳಿಗಾಗಿ ನಿಮಗೆ ತೋಚಿದ್ದನ್ನು ಬರೆದುಕೊಡಿ ಎಂದವರು ಈಗ ಕಂಪನಿ ನೋಡಿಕೊಳ್ಳುವ ಮೂಡಬಿದ್ರೆಯ ಪ್ರಸಾದ್. ಹಾಗಾಗಿ ಅವರೂ ಈ ಬರಹದಲ್ಲಿ ಬರುತ್ತಾರೆ, ತಪ್ಪಿಸಿಕೊಳ್ಳುವಂತಿಲ್ಲ.

ಮೊದಲೇ ಒಂದು ಎಚ್ಚರಿಕೆ. ಆಫೀಸಿನಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಂದರೆ ಯಾರೂ ಆಡದ ಮಾತುಗಳನ್ನು ಅವರವರ ಬಾಯಿಗೆ ಹಾಕುತ್ತಿದ್ದೇನೆ. ಇನ್ನೊಂದು, ನೆನಪುಗಳು ಶಾಲೆಯ ಮಕ್ಕಳಂತೆ ಸಾಲಾಗಿ ಬಂದು ನಿಂತರೆ ನನಗೆ ಅನುಮಾನ. ನನ್ನ ತಲೆಯಲ್ಲಿ ಸಾಲಿಗೆ ಸೇರದ ಚೂರುಗಳೂ ಇವೆ. ಉದಾಹರಣೆಗೆ, ಮೆಲ್ಕಾರಿನ ಬಸ್ ನಿಲ್ದಾಣದಲ್ಲಿ ಒಂದು ಕಂದು ನಾಯಿಗೆ ನನ್ನ ಡಬ್ಬಿಯ ಚಪಾತಿಗಳನ್ನೆಲ್ಲ ಒಂದೊಂದಾಗಿ ಹಾಕುತ್ತಿದ್ದೇನೆ. ಹೊತ್ತು ಮುಳುಗಿದೆ. ಯಾಕೆ ಹಾಕಿದೆ, ಯಾವ ವರ್ಷ, ತಿಳಿಯದು. ಅದು ಸುಳ್ಳಲ್ಲ ಎಂದು ಮಾತ್ರ ಗೊತ್ತು, ಯಾಕೆಂದರೆ ಅದರಿಂದ ನನಗೆ ಯಾವ ಲಾಭವೂ ಇಲ್ಲ. ಸದ್ಯಕ್ಕೆ ಆ ನಾಯಿ ಇಲ್ಲೇ ಇರಲಿ.

ನಾನು ಮೊದಲು ಮೂಡಬಿದ್ರೆಯಲ್ಲಿ, ಆಮೇಲೆ ಬೆಳ್ತಂಗಡಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಮೆಲ್ಕಾರಿಗೆ ಬಂದೆ. ಎಕ್ಸ್‌ಚೇಂಜಿನಲ್ಲಿ ನಮ್ಮ ನಂಬಿಕೆ ಒಂದೇ: ಯಾರೂ ದೂರು ಕೊಡದಿದ್ದರೆ ಲೈನು ಸರಿಯಿದೆ. ಇಲ್ಲಿ ಅದು ತಲೆಕೆಳಗು. ಟರ್ಮಿನಲ್ ಸ್ವಲ್ಪ ಹೊತ್ತಿಗೊಮ್ಮೆ "ಇದ್ದೇನೆ" ಎಂದು ಒಂದು ಮಿಡಿತ ಕಳಿಸುತ್ತಿರಬೇಕು. ಕಳಿಸದಿದ್ದರೆ ಏನೋ ಆಗಿದೆ. ಮೌನವೇ ದೂರು.

ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಸೇರಿದ ಹೊಸತರಲ್ಲಿ ಸರ್ವರುಗಳ ರಿಪೇರಿಗೆಂದು ಒಬ್ಬಳೇ ಬಂದ ದಿನ ಎಲ್ಲ ಟರ್ಮಿನಲ್‌ಗಳ ಬೆಲೆ ಒಟ್ಟಿಗೆ ನಿಂತಿರುವುದನ್ನು ಕಂಡು ಒಂದೊಂದನ್ನೇ ಮುಚ್ಚಿ ತೆರೆದೆ. ಯಾವುದೂ ಅಲುಗಲಿಲ್ಲ. ಕಂಪನಿ ಕಟ್ಟಿದ ಹಾಜಿಯವರಿಗೆ ಫೋನ್ ಮಾಡಿದೆ. ಅವರು ಗಲ್ಫಿನ ಬ್ಯಾಂಕೊಂದರ ಕಂಪ್ಯೂಟರ್ ಕೋಣೆಯಲ್ಲಿ ತಲೆ ನರೆಸಿಕೊಂಡು ಬಂದವರು. ಆ ಹೊತ್ತಿಗೆ ಫರಂಗಿಪೇಟೆಯಲ್ಲಿ ಒಂದು ಮದುವೆಯೂಟದಲ್ಲಿದ್ದರು. ಹಿಂದೆ ತಟ್ಟೆಗಳ ಸದ್ದು.

"ಹಾಜಿಯವರೇ, ಎಲ್ಲವೂ ಹೋಯಿತು."

"ವಿಜಯಕ್ಕ, ಇವತ್ತು ಎಂತ ವಾರ?"

"ಶನಿವಾರ."

"ಇಡೀ ಲೋಕದ ಮಾರ್ಕೆಟಿಗೆ ಇವತ್ತು ರಜೆ. ನೀವು ಒಂದು ಚಾ ಕುಡಿಯಿರಿ."

ಸೋಮವಾರ ಅವರು ಬೈಯಲಿಲ್ಲ. "ಬಿದ್ದವನನ್ನು ಎಬ್ಬಿಸಬೇಕು, ಮಲಗಿದವನನ್ನು ಎಬ್ಬಿಸಬಾರದು. ನೋಡಿದ ಕೂಡಲೇ ಯಾರು ಬಿದ್ದದ್ದು, ಯಾರು ಮಲಗಿದ್ದು ಅಂತ ಗೊತ್ತಾಗ್ಲಿಕ್ಕೆ ಸ್ವಲ್ಪ ಸಮಯ ಬೇಕು" ಎಂದರು. ಆಮೇಲೆ ಬಹಳ ಕಾಲ ಶನಿವಾರ ಬಂದರೆ ಸಾಕು, ಆಫೀಸಿನ ಎಲ್ಲರೂ ನನಗೆ "ಎಲ್ಲವೂ ಹೋಯಿತಾ ವಿಜಯಕ್ಕ?" ಎನ್ನುತ್ತಿದ್ದರು.

ಗಿರಾಕಿಗಳಲ್ಲಿ ಅಬೂಬಕರ್ ಕಾಕನವರನ್ನು ಬಿಡಲಾಗದು. ಗಲ್ಫಿನಲ್ಲಿ ಕ್ಯಾಂಟೀನು ಇಟ್ಟಿದ್ದರು. ಅವರ ಸರ್ವರು ವಾರಕ್ಕೆ ಎರಡು ಮೂರು ಸಲ ಕಾರಣವಿಲ್ಲದೆ ಆರಿಹೋಗುತ್ತಿತ್ತು. ನಾವು ಸರ್ವರ್ ಬದಲಿಸಿದೆವು, ಲಂಡನ್ನಿನವರ ಜೊತೆ ಜಗಳವಾಡಿದೆವು. ಕೊನೆಗೆ ತಿಳಿಯಿತು. ಕಾಕ ಕ್ಯಾಂಟೀನು ತೆರೆಯುವ ಮೊದಲು ದೂರದಿಂದಲೇ ತಮ್ಮ ಸರ್ವರಿನ ಒಳಗೆ ಹೋಗಿ, ಎಲ್ಲ ಕಣ್ತುಂಬ ನೋಡಿ, ಹೊರಡುವಾಗ ಕಂಪ್ಯೂಟರನ್ನೇ ಬಂದ್ ಮಾಡಿ ಬರುತ್ತಿದ್ದರು.

"ಕಾಕ, ಅದನ್ನು ಬಂದ್ ಮಾಡ್ಲಿಕ್ಕಿಲ್ಲ. ಪರದೆಯ ಕಿಟಕಿ ಮಾತ್ರ ಮುಚ್ಚಿ."

"ಹೋಗುವಾಗ ಬಂದ್ ಮಾಡಿ ಹೋಗುವುದಲ್ವಾ? ಕರೆಂಟು ಸುಮ್ಮನೆ ಹೋಗ್ತದೆ."

"ಅದು ನಿಮ್ಮ ಕರೆಂಟಲ್ಲ ಕಾಕ. ಲಂಡನ್ನಿನವರದ್ದು."

"ಯಾರದ್ದಾದರೂ ಕರೆಂಟೇ ಅಲ್ವಾ ಮಾರಾಯ್ತಿ?"

ಕೊನೆಗೆ ಬಂದ್ ಮಾಡುವ ಗುಂಡಿಯನ್ನೇ ಅವರಿಗೆ ಕಾಣದ ಹಾಗೆ ಮಾಡಿದೆವು.

ಇನ್ನು ಹಮೀದ್. ಈ ಬರಹ ನಿಜವಾಗಿ ಅವನ ಬಗ್ಗೆ. ಉಳಿದದ್ದನ್ನು ಬರೆದದ್ದು ಅವನ ಹೆಸರಿನವರೆಗೆ ಬರಲು ಧೈರ್ಯ ಬೇಕಿತ್ತು ಎಂಬ ಕಾರಣಕ್ಕೆ.

ಅವನು ಫರಂಗಿಪೇಟೆಯ ಹುಡುಗ. ನಾನು ಸೇರಿದಾಗ ಅವನಿಗೆ ಮೂವತ್ತರ ಆಸುಪಾಸು. ಗಲ್ಫಿಗೆ ಹೋಗಿ ಬಂದಿದ್ದ. ಅಲ್ಲಿ ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಯಾಕೋ ಗೋದಾಮಿನ ಕಾವಲು. ಊರಿನಲ್ಲಿ ಮಗಳು ಹುಟ್ಟಿದ್ದಳು. ಅವನು ಮೊದಲ ಸಲ ನೋಡುವಾಗ ಅವಳು ನಡೆಯುತ್ತಿದ್ದಳಂತೆ, ಅವನನ್ನು ಕಂಡು ಅಳುತ್ತಾ ಬಾಗಿಲ ಹಿಂದೆ ಹೋದಳಂತೆ. ಅಲ್ಲಿಗೆ ಅವನು ನಿಶ್ಚಯ ಮಾಡಿದ, ಇನ್ನು ದಿನಾ ರಾತ್ರಿ ಮನೆ ಸೇರುವ ಕೆಲಸ ಮಾತ್ರ. ಅದು ಸಿಕ್ಕಿದ್ದು ನಮ್ಮಲ್ಲಿ. ಈ ಕೆಲಸ ಹೋದರೆ ಮತ್ತೆ ವಿಮಾನ ಹತ್ತಬೇಕು, ಮತ್ತೆ ಬಾಗಿಲ ಹಿಂದೆ ಹೋಗುವ ಮಗು. ಇದನ್ನು ಅವನು ನಗುತ್ತಲೇ ಹೇಳುತ್ತಿದ್ದ.

ನಮ್ಮಿಬ್ಬರ ನಡುವೆ ಒಂದು ಕಟ್ಟಳೆ ಬೆಳೆದಿತ್ತು. ನಾನು ಜೈನರ ಮನೆಯವಳು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವನಿಗೆ ಹೊತ್ತು ಮುಳುಗಿದ ಕೂಡಲೇ ಮಗ್ರಿಬ್ ನಮಾಜು. ಈ ಕೆಲಸದಲ್ಲಿ ಮುಸ್ಸಂಜೆಯೇ ಗದ್ದಲದ ಹೊತ್ತು. ಲಂಡನ್ನಿನಲ್ಲಿ ಆಗ ಮಧ್ಯಾಹ್ನ, ಅಮೆರಿಕದಲ್ಲಿ ಬೆಳಿಗ್ಗೆ. ಅಲ್ಲಿಯ ಸರ್ಕಾರಿ ಅಂಕಿಅಂಶಗಳು ಹೊರಬೀಳುವುದೂ ಆಗಲೇ. ಬೆಲೆಗಳು ಒಮ್ಮೆಗೇ ನುಗ್ಗುತ್ತವೆ, ಟರ್ಮಿನಲ್‌ಗಳು ಉಸಿರು ಕಟ್ಟಿ ನಿಲ್ಲುತ್ತವೆ. ಎಲ್ಲ ಟರ್ಮಿನಲ್‌ಗಳ ಸ್ಥಿತಿ ತೋರಿಸುವ ಬೋರ್ಡಿನ ಮುಂದೆ ಒಬ್ಬರಾದರೂ ಇರಲೇಬೇಕು. ಹಾಗಾಗಿ ಸೂರ್ಯ ಪಾಣೆಮಂಗಳೂರಿನ ಕಡೆ ಇಳಿಯುವಾಗ ಅವನು ಕುರ್ಚಿ ಎಳೆದುಕೊಂಡು, "ನೀವು ಉಣ್ಣಿ ವಿಜಯಕ್ಕ, ನಾನು ನೋಡ್ತೇನೆ" ಎನ್ನುತ್ತಿದ್ದ. ನಾನು ಡಬ್ಬಿ ಮುಚ್ಚಿ ಕೈತೊಳೆದು ಬರುವಾಗ ಕೆಳಗಿನ ಮಸೀದಿಯಲ್ಲಿ ನಮಾಜಿಗೆ ಕರೆಯುವ ಬಾಂಗ್ ಆಗುತ್ತಿತ್ತು. "ನೀನು ಹೋಗಿ ಬಾ, ನಾನು ನೋಡ್ತೇನೆ." ಉಪವಾಸದ ತಿಂಗಳಿನಲ್ಲಿ ಅವನು ಹಿಂತಿರುಗುವಾಗ ನನ್ನ ಮೇಜಿನ ಮೇಲೆ ಎರಡು ಖರ್ಜೂರ ಇಡುತ್ತಿದ್ದ, ನಾಳೆಗೆ. ಒಂದೇ ಸೂರ್ಯನ ಆಚೆ ಈಚೆ ನಾವಿಬ್ಬರು ಹೀಗೆ ಕೆಲಸ ಹಂಚಿಕೊಂಡಿದ್ದೆವು. ಯಾರೂ ನಿಯಮ ಮಾಡಿದ್ದಲ್ಲ.

ಹಮೀದ್ ನಿಧಾನ. ಉಳಿದವರು ಬೋರ್ಡಿನ ಸಾಲುಗಳ ಮೇಲೆ ಕಣ್ಣಾಡಿಸಿ ಮುಗಿಸುತ್ತಿದ್ದರು. ಅವನು ಒಂದೊಂದು ಟರ್ಮಿನಲ್ಲಿನ ಒಳಗೆ ಹೋಗುತ್ತಿದ್ದ. ಟರ್ಮಿನಲ್ಲಿನ ಪರದೆಯ ಬಲಮೂಲೆಯಲ್ಲಿ ಒಂದು ಪುಟ್ಟ ಮುಖ ಇರುತ್ತದೆ. ಪ್ರೋಗ್ರಾಂ ಕೆಲಸ ಮಾಡುತ್ತಿದ್ದರೆ ಅದು ನಗುತ್ತದೆ, ಇಲ್ಲದಿದ್ದರೆ ಬಾಯಿ ಕೆಳಗಾಗುತ್ತದೆ. ಹಮೀದ್ ಎಲ್ಲರ ಮುಖ ನೋಡಿ ಬರುತ್ತಿದ್ದ.

"ಮದುವೆ ಮನೆಗೆ ಬಂದವರನ್ನು ಮಾತಾಡಿಸುವ ಹಾಗೆ ಎಂತ ಮಾರಾಯ?" ಎಂದು ನಾನು ರೇಗಿಸುತ್ತಿದ್ದೆ.

"ಮುಖ ನೋಡದೆ ಸೌಖ್ಯವಾ ಅಂತ ಹೇಗೆ ಕೇಳುವುದು?"

ಅದರಿಂದ ಒಮ್ಮೆ ಉಪಕಾರವಾಯಿತು. ಬೋರ್ಡಿನಲ್ಲಿ ಸರಿಯಾಗಿ ಕಾಣುತ್ತಿದ್ದ ಒಂದು ಟರ್ಮಿನಲ್ಲಿನಲ್ಲಿ ಮುಖ ನಗುತ್ತಿದೆ, ಬೆಲೆ ಮಾತ್ರ ಹೆಪ್ಪುಗಟ್ಟಿದೆ ಎಂದು ಅವನು ಕಂಡ. ಇನ್ನೊಮ್ಮೆ ಅಪಕಾರವೂ ಆಯಿತು. ಅವನು ಮೊದಲ ಸಾಲಿನವರ ಮುಖ ನೋಡುತ್ತಿರುವಾಗ ಕೊನೆಯ ಸಾಲಿನವನೊಬ್ಬ ಬಿದ್ದು, ಗಿರಾಕಿ ದೂರು ಕೊಟ್ಟರು. ನೆನಪು ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳಲು ನೋಡುತ್ತದೆ, ಹಾಗಾಗಿ ಎರಡನೆಯದನ್ನೂ ಬರೆದಿದ್ದೇನೆ.

ಆ ದೂರಿನ ನಂತರ ಪ್ರಸಾದ್ ಹೊಸ ಬೋರ್ಡು ಮಾಡಿದರು. ಒಳ್ಳೆಯ ಇಂಜಿನಿಯರ್, ಒಳ್ಳೆಯ ಮನಸ್ಸು, ಸ್ವಲ್ಪ ಅವಸರ. ಹಳೆಯ ಬೋರ್ಡಿನಲ್ಲಿ ಪ್ರತಿ ಟರ್ಮಿನಲ್ಲಿಗೂ ಬದಲಾಗದ ಜಾಗ ಇತ್ತು, ಪಕ್ಕದಲ್ಲಿ ಕೊನೆಯ ಮಿಡಿತದ ಹೊತ್ತು ಬರೆದಿರುತ್ತಿತ್ತು. ಹೊಸತರಲ್ಲಿ ಅಕ್ಷರಗಳೇ ಇಲ್ಲ. ಬರೀ ಬಣ್ಣದ ಚೌಕಗಳು, ಹಸಿರು ಮತ್ತು ಕೆಂಪು, ಮೇಲಿಂದ ಮೇಲೆ ಜಾಗ ಬದಲಿಸುತ್ತವೆ. "ಇನ್ನು ಯಾರೂ ಒಂದೊಂದರ ಒಳಗೆ ಹೋಗಿ ಕೂರುವುದು ಬೇಡ. ದೂರದಿಂದ ಒಮ್ಮೆ ನೋಡಿದರೆ ಸಾಕು" ಎಂದರು ಪ್ರಸಾದ್. ಹಮೀದನ ಕಡೆ ನೋಡದೆ ಮುಂದುವರಿಸಿದರು, "ಒಂದು ತಿಂಗಳು ನೋಡುವ. ಇದಕ್ಕೆ ಒಗ್ಗದವರು ಇದ್ದರೆ ನಾವು ಬೇರೆ ಯೋಚನೆ ಮಾಡಬೇಕಾಗ್ತದೆ."

ಹಮೀದ್ ಕುರ್ಚಿಯನ್ನು ಹೊಸ ಬೋರ್ಡಿನ ಹತ್ತಿರಕ್ಕೆ ಎಳೆದುಕೊಂಡ.

ಅದೇ ವಾರ ನಡೆದದ್ದು ನನಗೆ ನೆನಪಿರುವುದು ಹೀಗೆ. ಸಂಜೆ. ಅವನು ಬೋರ್ಡಿನ ಮುಂದೆ, ನಾನು ಅವನಿಗೆ ಬೆನ್ನು ಹಾಕಿ ಉಣ್ಣುತ್ತಿದ್ದೇನೆ. "ಕೆಂಪು ಉಂಟಾ ಹಮೀದ್?" ಎಂದು ಕೇಳುತ್ತೇನೆ. "ಇಲ್ಲ ವಿಜಯಕ್ಕ." ಡಬ್ಬಿ ಮುಚ್ಚಿ, ಕೈ ತೊಳೆದು, ತಿರುಗಿ ನೋಡಿದರೆ ಬೋರ್ಡಿನ ನಡುವೆ ಮೂರು ಕೆಂಪು ಚೌಕಗಳು. ಅವನು ಅವುಗಳನ್ನೇ ನೋಡುತ್ತಿದ್ದಾನೆ, ಕಾಣುತ್ತಿಲ್ಲ. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಎಲೆಕ್ಟ್ರಿಷಿಯನ್ ಆಗಿದ್ದವನು ಗೋದಾಮಿನ ಕಾವಲಿಗೆ ಯಾಕೆ ಹೋದ ಎಂದು ನನಗೆ ಆಗ ತಿಳಿಯಿತು. ಅವನಿಗೆ ಕೆಂಪು, ಹಸಿರು ಎರಡೂ ಒಂದೇ ಮಣ್ಣಿನ ಬಣ್ಣ.

ಮಾರನೆಯ ದಿನ ನಾನು ಪ್ರಸಾದರ ಬಳಿ ಹೋದೆ.

"ಪ್ರಸಾದ್, ನಿಮ್ಮ ಬೋರ್ಡು ನನ್ನ ಕಣ್ಣಿಗೆ ಹಿಡಿಯುವುದಿಲ್ಲ."

"ಎಂತ ಆಯ್ತು ವಿಜಯಕ್ಕ? ಕನ್ನಡಕ ಬದಲಿಸಿ."

"ಬದಲಿಸಿ ಆಯಿತು. ಪ್ರಾಯ ಆಯಿತಲ್ಲ, ಬಣ್ಣ ಎಲ್ಲ ಕಲಸಿದ ಹಾಗೆ ಕಾಣ್ತದೆ. ಆ ಟರ್ಮಿನಲ್ಲಿನಲ್ಲಿ ನಗುವ ಮುಖ ಉಂಟಲ್ಲ, ಅದನ್ನು ಈ ಚೌಕದಲ್ಲಿ ಹಾಕ್ಲಿಕ್ಕೆ ಆಗ್ತದಾ? ಬಿದ್ದದ್ದಕ್ಕೆ ಅಳುವ ಮುಖ."

"ಇದು ಟ್ರೇಡಿಂಗಿನ ಬೋರ್ಡು, ಅಂಗನವಾಡಿ ಅಲ್ಲ."

"ಹಾಗಾದರೆ ನಾನು ಅಂಗನವಾಡಿಗೇ ಹೋಗ್ತೇನೆ. ಶನಿವಾರ ನೀವೇ ಬಂದು ಎಲ್ಲವನ್ನೂ ಎಬ್ಬಿಸಿ."

ಪ್ರಸಾದ್ ನಕ್ಕರು. ಆ ವಾರ ಮುಗಿಯುವುದರೊಳಗೆ ಚೌಕಗಳಲ್ಲಿ ಮುಖಗಳು ಮೂಡಿದವು. ಪ್ರತಿಯೊಂದಕ್ಕೂ ಬದಲಾಗದ ಜಾಗವೂ ಮರಳಿ ಬಂತು, ಅದನ್ನು ನಾನು ಕೇಳಿರಲೇ ಇಲ್ಲ. ಯಾಕೆ ಕೊಟ್ಟರು ಎಂದು ಆಗ ಯೋಚಿಸಲಿಲ್ಲ. ಈಚೆಗೆ ಕೇಳಿದಾಗ ಪ್ರಸಾದ್, "ಮುಖ ಹಾಕಿದ್ದು ನಿಮ್ಮ ಕಣ್ಣಿಗೋಸ್ಕರ ಅಲ್ವಾ ವಿಜಯಕ್ಕ?" ಎಂದು ಮಾತ್ರ ಹೇಳಿ ಬೇರೆ ವಿಷಯ ತೆಗೆದರು. ಅವರ ಸ್ವರದಲ್ಲಿ ಏನೋ ಇತ್ತು. ಏನು ಎಂದು ಬರೆದರೆ ಅದು ನನ್ನ ಕಲ್ಪನೆಯಾದೀತು.

ಹಮೀದ್ ಉಳಿದ. ಆಮೇಲೆ ಅವನಿಗೆ ಏನೇನು ಹುದ್ದೆ ಸಿಕ್ಕಿತು ಎಂಬುದನ್ನು ಬಿಡುತ್ತೇನೆ. ಮಗಳು ಒಮ್ಮೆ ಆಫೀಸಿಗೆ ಬಂದಿದ್ದಳು. ಬೋರ್ಡಿನ ಮುಂದೆ ನಿಂತು ಅಳುವ ಮುಖ ಒಂದೂ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಂಡಳು.

ಇಷ್ಟು ಬರೆದು, ಅವನ ಕಣ್ಣಿನ ವಿಷಯ ಹೀಗೆ ಹಾಕಬಹುದೇ ಎಂದು ಕೇಳಲು ಫೋನ್ ಮಾಡಿದೆ. ಇಡೀ ಭಾಗವನ್ನು ಓದಿ ಹೇಳಿದೆ. ಅವನು ಕೊನೆಯವರೆಗೆ ಕೇಳಿಸಿಕೊಂಡ.

"ಬರೀರಿ ವಿಜಯಕ್ಕ. ಈಗ ನಾನೇ ಎಲ್ಲರಿಗೂ ಹೇಳಿದ್ದೇನೆ, ಹೊಸ ಹುಡುಗರು ಟೊಮೇಟೊ ತೋರಿಸಿ, ಹಣ್ಣಾ ಕಾಯಿಯಾ ಅಂತ ಕೀಟಲೆ ಮಾಡ್ತಾರೆ. ಆದರೆ ಅದು ಹಾಗೆ ಆದದ್ದಲ್ಲ."

"ಮತ್ತೆ?"

"ನೀವು ಕೆಂಪು ಉಂಟಾ ಅಂತ ಕೇಳಲೇ ಇಲ್ಲ. ನೀವು ಆಗಷ್ಟೇ ಡಬ್ಬಿ ತೆರೆದದ್ದು. ನಾನೇ ಕರೆದೆ. ವಿಜಯಕ್ಕ, ಈ ಬೋರ್ಡಿನಲ್ಲಿ ನನಗೆ ಎಂತದ್ದೂ ಗೊತ್ತಾಗುವುದಿಲ್ಲ, ಸ್ವಲ್ಪ ಬನ್ನಿ ಅಂತ. ನೀವು ತುತ್ತು ಅಲ್ಲೇ ಬಿಟ್ಟು ಬಂದಿರಿ. ಒಂದು ಸಲವೂ ಯಾಕೆ ಅಂತ ಕೇಳಲಿಲ್ಲ. ನೀವು ಬೆರಳು ಇಟ್ಟು ಇದು, ಇದು, ಇದು ಅಂತ ತೋರಿಸಿದ್ದು, ನಾನು ಎಬ್ಬಿಸಿದ್ದು. ಮೂರನೆಯದ್ದು ಬಹಳ ಹೊತ್ತು ಏಳಲೇ ಇಲ್ಲ, ನೆನಪುಂಟಾ?"

"ಇಲ್ಲ."

"ಅದು ಏಳುವಾಗ ಕೆಳಗೆ ಬಾಂಗ್ ಆಯಿತು. ಹೊತ್ತು ಮುಳುಗಿತು. ನೀವು ಆ ದಿನ ಉಣ್ಣಲಿಲ್ಲ ವಿಜಯಕ್ಕ. ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿ, ನೀನು ನಮಾಜಿಗೆ ಹೋಗಿ ಬಾ ಅಂದಿರಿ."

ನನ್ನ ನೆನಪಿನಲ್ಲಿ ಮೆಲ್ಕಾರಿನ ಕಂದು ನಾಯಿ ಬಾಲ ಅಲ್ಲಾಡಿಸುತ್ತಾ ಬಂದು ತನ್ನ ಜಾಗದಲ್ಲಿ ನಿಂತಿತು.

ಎರಡು ಕಥೆಗಳಾದವು. ನನ್ನದರಲ್ಲಿ ಹಮೀದ್ ಸಿಕ್ಕಿಬೀಳುತ್ತಾನೆ, ನಾನು ಹೊಟ್ಟೆ ತುಂಬ ಉಂಡು ಎದ್ದು ಅವನನ್ನು ಉಳಿಸುತ್ತೇನೆ. ಅವನದರಲ್ಲಿ ಅವನು ತಾನಾಗಿ ಕರೆಯುತ್ತಾನೆ. ನನ್ನ ತಲೆ ಮೂರು ಕೆಂಪು ಚೌಕಗಳನ್ನು ಇಟ್ಟುಕೊಂಡು ಹಸಿವನ್ನು ಬಿಟ್ಟುಕೊಟ್ಟಿದೆ. ಅವನ ತಲೆ ಕೆಲಸ ಹೋಗುವ ಭಯವನ್ನು ಬಿಟ್ಟು, ನಾನು ಉಣ್ಣದೆ ಮುಚ್ಚಿದ ಡಬ್ಬಿಯನ್ನು ಇಟ್ಟುಕೊಂಡಿದೆ. ಆ ಡಬ್ಬಿಯ ಚಪಾತಿ ತಿಂದ ನಾಯಿ ಅವನ ಪರ ಸಾಕ್ಷಿ ಹೇಳುತ್ತಿದೆ. ಮೇಲೆ ಬರೆದದ್ದನ್ನು ಅಳಿಸಿ ತಿದ್ದಬಹುದಿತ್ತು, ಅಳಿಸಲಿಲ್ಲ. ಈ ಕೆಲಸಕ್ಕೆ ಬರುವವರು ಎರಡನ್ನೂ ಓದಬೇಕು. ನಿಮ್ಮ ಬೋರ್ಡು ಎಲ್ಲ ಸರಿಯಿದೆ ಎನ್ನುವಾಗ, ಒಳಗೆ ಹೋಗಿ ಮುಖ ನೋಡಿ ಬರುವವನು ಒಬ್ಬ ಇರಲಿ. ನನ್ನ ನೆನಪಿನ ಬೋರ್ಡು ಇಷ್ಟು ವರ್ಷ ಹಸಿರಾಗಿಯೇ ಇತ್ತು.

"ಇಷ್ಟು ಕಾಲ ಯಾಕೆ ಹೇಳಲಿಲ್ಲ ಮಾರಾಯ?" ಎಂದು ಕೇಳಿದೆ.

"ದಿನಾ ಹೇಳ್ತಾ ಇದ್ದೇನಲ್ಲ" ಎಂದ.

ನಾನು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೊದಲ ದಿನದಿಂದ, ಸೂರ್ಯ ಇಳಿಯುವ ಹೊತ್ತಿಗೆ ನನ್ನ ಫೋನಿಗೆ ಅವನಿಂದ ಒಂದು ನಗುವ ಮುಖ ಬರುತ್ತದೆ, ಕೆಳಗೆ ಒಂದು ಸಾಲು. ಹಳೆಯ ಅಭ್ಯಾಸದ ತಮಾಷೆ ಎಂದುಕೊಂಡಿದ್ದೆ. ಕೆಲವು ದಿನ ತೆರೆದು ನೋಡುತ್ತಲೂ ಇರಲಿಲ್ಲ.

ಇವತ್ತೂ ಬಂದಿದೆ. ವೇಣೂರಿನಲ್ಲಿ ಫಲ್ಗುಣಿ ಹೊಳೆಯ ಆಚೆ ಇನ್ನೂ ಸ್ವಲ್ಪ ಬಿಸಿಲಿದೆ. ತಟ್ಟೆ ಹಾಕಿಕೊಂಡು ಕೂತು ಓದಿದೆ.

"ನೀವು ಉಣ್ಣಿ ವಿಜಯಕ್ಕ, ನಾನು ನೋಡ್ತಾ ಇದ್ದೇನೆ."